ಅಜ್ಜನ ಮೀಸೆ ಹೋದ ಮಧ್ಯಾಹ್ನ

ಗೋಬಿ ಮಂಚೂರಿ ಗಾಡಿಯಿಂದ ವಿನೆಗರ್ ವಾಸನೆ ತೇಲಿಬಂದರೆ ಈಗಲೂ ನನಗೆ ಹುಮನಾಬಾದಿನಲ್ಲಿದ್ದ ಕಾಕಾನ ಫೋಟೊ ಸ್ಟುಡಿಯೊದ ಕತ್ತಲೆ ಕೋಣೆ ನೆನಪಾಗುತ್ತದೆ; ಅಲ್ಲಿ ಫೋಟೊ ತೊಳೆಯುವ ಔಷಧಕ್ಕೂ ಇದೇ ವಾಸನೆ ಇತ್ತು.

ಒಂದು ದಿನ ಅಜ್ಜ ಅಜ್ಜಿಯನ್ನು ಕರೆದುಕೊಂಡು ಮೋರಖಂಡಿ ಹಳ್ಳಿಯಿಂದ ಬಂದು, ಬಿಳಿ ಮೀಸೆಗೆ ಎಣ್ಣೆ ಹಚ್ಚಿ ತೀಡಿಕೊಂಡು, ಜೀವನದಲ್ಲಿ ಮೊದಲ ಸಲ ಕ್ಯಾಮೆರಾದ ಮುಂದೆ ಕೂತಿದ್ದ. ಮಧ್ಯಾಹ್ನ ಕಾಕಾ ಒದ್ದೆ ಫೋಟೊ ಹಿಡಿದು ಅಳುಕುತ್ತ ಹೊರಗೆ ಬಂದ. ಫೋಟೊದಲ್ಲಿ ಅಜ್ಜನ ಮುಖವೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗಿ, ಮೀಸೆ ಅದರಲ್ಲೇ ಕರಗಿಹೋಗಿತ್ತು.

“ನನ್ನ ಮೀಸಿ ಎಲ್ಲಿ?” ಅಜ್ಜ ಗುಡುಗಿದ.

“ಫಿಲ್ಮ್ ಕಂಪನಿಯವ್ರು ರೀಲ್ ಬದಲ್ ಮಾಡ್ಯಾರ ಯಪ್ಪಾ. ನಾ ಹಳೇ ರೀಲಿನಂಗ ಔಷಧದಾಗ ಬಿಟ್ಟೆ, ಜಾಸ್ತಿ ಹೊತ್ತಾಗಿ ಮಾರಿ ಬೆಳ್ಳಗಾಗ್ಯಾದ,” ಎಂದ ಕಾಕಾ.

“ಅವ್ರು ರೀಲ್ ಬದಲ್ ಮಾಡಿದ್ರ ನನ್ನ ಮೀಸಿ ಯಾಕ ಬೋಳಿಸ್ಬೇಕು?”

ಮೂಲೆಯಲ್ಲಿ ನಿಂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಅಜ್ಜ ಫೋಟೊ ಹರಿಯಲು ಹೊರಟ. ಅಷ್ಟರಲ್ಲಿ ಅಜ್ಜಿ ಅದನ್ನು ಕಸಿದುಕೊಂಡು, ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಲಗ್ನದಾಗ ಹಿಂಗೇ ಇದ್ರಿ ನೋಡ್ರಿ. ಇನ್ನೂ ಮೀಸಿ ಬಂದಿರ್ಲಿಲ್ಲ,” ಎಂದಳು.

ಕಾಕಾ ಇನ್ನೊಂದು ಫೋಟೊ ತೆಗೆಯುತ್ತೇನೆಂದ. ಅಜ್ಜ ಓರೆಗಣ್ಣಿನಿಂದ ಅಜ್ಜಿಯನ್ನು ನೋಡಿ ತಲೆಯ ಪಟಗ ಸರಿಮಾಡಿಕೊಂಡ.

“ಬ್ಯಾಡ, ಇದೇ ಇರ್ಲಿ. ಕಂಪನಿಯವ್ರು ಛಲೋನೇ ಮಾಡ್ಯಾರ.”