ಕೊನೆಯ ಪದರ

ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟ ಮೇಣದ ತೆಳು ಪದರದ ಸುಕ್ಕುಗಳು ಬಿಡಿಸಿಕೊಳ್ಳುವವರೆಗೂ ಲ್ಯಾಬಿನ ಟೆಕ್ನೀಷಿಯನ್ ಉಸಿರು ಬಿಗಿಹಿಡಿದು ನಿಂತಿದ್ದಳು. ಮೇಣದ ಅಚ್ಚಿನೊಳಗೆ ಹುದುಗಿಸಿಟ್ಟಿದ್ದ ಗಡ್ಡೆಯ ತುಣುಕಿನಲ್ಲಿ ಉಳಿದದ್ದು ಇದೊಂದೇ ಪದರ. ಅದು ಅವಳ ಅಕ್ಕನ ಎದೆಯಿಂದ ತೆಗೆದ ಗಡ್ಡೆ. ಅಕ್ಕ ತೀರಿಕೊಂಡು ವರ್ಷಗಳೇ ಆಗಿದ್ದವು. ಅಚ್ಚಿನ ಮೇಲೆ ಹೆಸರಿರಲಿಲ್ಲ, ಬರೀ ನಂಬರು; ಅಕ್ಕನ ರಿಪೋರ್ಟಿನಲ್ಲಿದ್ದ ಅದೇ ನಂಬರು. ಇವಳೂ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಹೊಸ ರೋಗಿಯ ಗಡ್ಡೆಗೆ ಬಣ್ಣ ಹಾಕುವಾಗಲೆಲ್ಲ ಅದನ್ನಿಟ್ಟ ಗಾಜಿನ ಪಟ್ಟಿಯ ತುದಿಯಲ್ಲಿ ಅಕ್ಕನದೊಂದು ಪದರವನ್ನೂ ಕೂರಿಸುವುದು ಲ್ಯಾಬಿನ ರೂಢಿ. ಅಕ್ಕನದು ಕಂದು ಬಣ್ಣಕ್ಕೆ ತಿರುಗಿದರೆ ಪರೀಕ್ಷೆ ಸರಿಯಾಗಿ ನಡೆದಿದೆ ಎಂದರ್ಥ. ರೋಗದೊಡನೆ ಕಾದಾಡಲು ಮೈಯೇ ಕಳಿಸಿದ ಕಣಗಳ ಮೇಲಿನ ಒಂದು ಪ್ರೋಟೀನಿಗೆ ಆ ಬಣ್ಣ ಹಿಡಿಯುತ್ತದೆ. ಮನೆಯಲ್ಲಿ ಜಗಳಗಂಟಿ ಎನ್ನಿಸಿಕೊಂಡಿದ್ದ ಅಕ್ಕನ ಗಡ್ಡೆಯನ್ನು ಆ ಕಣಗಳು ಕಿಕ್ಕಿರಿದು ಮುತ್ತಿಕೊಂಡಿದ್ದವು. ಸುಮ್ಮನೆ ಸೋತವಳಲ್ಲ ಅವಳು.

ಸಂಜೆ ಡಾಕ್ಟರು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆಯೇ ಹೇಳಿದರು, "ಈ ಹೊಸಬರದ್ದೂ ಕಂದಾಗಿದೆ. ಹೊಸ ಔಷಧಿ ಕೊಟ್ಟು ನೋಡಬಹುದು." ಆಮೇಲೆ ಗಾಜನ್ನು ತುಸು ಸರಿಸಿ, ಅದರ ತುದಿಯಲ್ಲಿದ್ದ ಪದರವನ್ನು ನೋಡಿ ಮೆಚ್ಚುಗೆಯಿಂದ ತಲೆದೂಗಿದರು. "ಇದಂತೂ ಯಾವತ್ತೂ ಕೈ ಕೊಟ್ಟಿಲ್ಲ ನೋಡಮ್ಮ. ತುಂಬ ಗಟ್ಟಿ ಹೆಂಗಸು ಇರ್ಬೇಕು. ಈಗ ಹೇಗಿದಾರೋ ಏನೋ."

ಅವಳು ಖಾಲಿಯಾದ ಅಚ್ಚನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

"ನಮ್ಮಕ್ಕ ಸರ್ ಅದು," ಎಂದಳು. "ಇವತ್ತಿನವರೆಗೂ ಇದ್ಲು."