ಲಾರಿಗಳು ವಾಪಸು ಹೋದವು

ಕಸದ ಲಾರಿಗಳು ಒಂದರ ಹಿಂದೊಂದು ತಿರುಗಿ ಹೊರಟಾಗ ಬೀದಿಗೆ ಬೀದಿಯೇ ಹೋ ಎಂದು ಕೂಗಿತು. "ನಮ್ಮ ಟೈಲರಮ್ಮ ಹಿಡಿದ ಪಟ್ಟು ಬಿಡೋಳಲ್ಲ!" ಎಂದು ಪಕ್ಕದ ಮನೆಯ ಅಜ್ಜಿ ಅವಳ ಬೆನ್ನು ಚಪ್ಪರಿಸಿದರು. ಕೆರೆಯ ದಂಡೆಗೆ ಕಸ ಸುರಿಯಬಾರದೆಂದು ಹೊಲಿಗೆ ಯಂತ್ರ ಮುಚ್ಚಿಟ್ಟು, ಮನೆಮನೆ ತಿರುಗಿ ಸಹಿ ಹಾಕಿಸಿದವಳು ಅವಳೇ.

"ಗೆದ್ದುಬಿಟ್ರಲ್ಲಮ್ಮ. ಬೇರೆ ಜಾಗ ನೋಡಿದ್ದೀವಿ ಬಿಡಿ" ಎಂದ ಲಾರಿಗಳ ಜೊತೆ ಬಂದಿದ್ದ ನಗರಸಭೆ ಅಧಿಕಾರಿ.

"ಎಲ್ಲಾದ್ರೂ ಸುರ್ಕೊಳ್ಳಿ ಸಾರ್, ನಮ್ಮ ಕೆರೆ ಉಳೀತಲ್ಲ!" ಎಂದು ಅವಳು ನಕ್ಕಳು. ಕೂಗಿ ಕೂಗಿ ಗಂಟಲು ಕಟ್ಟಿದ್ದರೂ ಮನಸ್ಸು ಹೂವಿನಷ್ಟು ಹಗುರಾಗಿತ್ತು.

ಮನೆಗೆ ಬಂದು ಗೋಡೆಗೊರಗಿ ಕೂತಿದ್ದಳಷ್ಟೆ, ಊರಾಚೆಯ ಹೊಸ ಬಡಾವಣೆಗೆ ಮದುವೆಯಾಗಿ ಹೋಗಿದ್ದ ಮಗಳ ಫೋನು ಬಂತು.

"ಅಮ್ಮಾ, ನಮ್ಮನೆ ಹಿಂದಿನ ಬಯಲಿಗೆ ಸಾಲುಸಾಲಾಗಿ ಕಸದ ಲಾರಿ ಬಂದು ಸುರೀತಿವೆ. ಕಿಟಕಿ ಮುಚ್ಚಿದ್ರೂ ನಾತ ತಡೆಯೋಕಾಗ್ತಿಲ್ಲ. ಪಾಪು ಒಂದೇ ಸಮ ಕೆಮ್ತಿದೆ."

ಅವಳು ಫೋನು ಕಿವಿಗಿಟ್ಟುಕೊಂಡೇ ಎದ್ದು ಕಿಟಕಿ ಮುಚ್ಚಿದಳು. ಹೊರಗೆ ಬೀದಿಯವರು ಇನ್ನೂ ಅವಳ ಹೆಸರು ಹಿಡಿದು ಕೂಗುತ್ತಿದ್ದರು.

"ಕೇಳಿಸ್ತಿದೆಯಾ ಅಮ್ಮಾ? ನಿಮ್ಮ ಬೀದಿಯಿಂದ ಅವನ್ನ ಹೆಂಗೆ ಓಡಿಸಿದೆ? ನಮಗೂ ಹೇಳಿಕೊಡು."