ಅಂಚಿನಲ್ಲಿ ಕೆರೆದದ್ದು

“ಟಾರ್ಚನ್ನ ಪಕ್ಕದಿಂದ ಹಿಡಿ, ಒಡೀಲ್. ಮೇಲಿಂದ ಹಿಡಿದ್ರೆ ಏನೂ ಕಾಣಲ್ಲ,” ಎಂದರು ಮಾರ್ಸ್ಯಾಲ್ ಮೇಷ್ಟ್ರು.

ಇಗರ್ಜಿಯ ಹಿಂಕೋಣೆಯಲ್ಲಿ ಜ್ಞಾನಸ್ನಾನದ ಹಳೆಯ ದಾಖಲೆ ಪುಸ್ತಕ ತೆರೆದಿತ್ತು. ಪಾದ್ರಿಯ ಕೈಬರಹವೋ, ಇಡೀ ಫ್ರಾನ್ಸಿನಲ್ಲಿ ಬರೆದವರೊಬ್ಬರಿಗೇ ಅರ್ಥವಾಗುವಂಥದ್ದು. ಆದರೆ ಒಡೀಲ್ ಫೆರಾನ್ ಇಂದು ಬಿಡುವವಳಲ್ಲ. ಕಲ್ಲುಕುಟಿಗ ಕಾಯುತ್ತಿದ್ದ.

ಸ್ಮಶಾನದ ಉತ್ತರ ಗೋಡೆಯ ಬಳಿ ಹೆಸರಿಲ್ಲದ ಪುಟ್ಟ ಸಮಾಧಿಯೊಂದಿತ್ತು. ಒಡೀಲಳ ಪ್ರತಿ ಹುಟ್ಟುಹಬ್ಬಕ್ಕೂ ಅಮ್ಮ ಮೊದಲು ಅಲ್ಲಿ ಮೇಣದಬತ್ತಿ ಹಚ್ಚುತ್ತಿದ್ದಳು, ಕೇಕು ಆಮೇಲೆ. ಯಾರದೆಂದು ಕೊನೆಯವರೆಗೂ ಬಾಯಿಬಿಡಲಿಲ್ಲ. ಒಡೀಲಳ ಅವಳಿ ತಂಗಿಯದು ಎನ್ನುತ್ತಿತ್ತು ಊರು. ಆ ತಂಗಿ ಅವಳನ್ನು ಜೀವಮಾನವಿಡೀ ಕಾಡಿದ್ದಳು. ತಾನು ಕಣ್ಣು ಮುಚ್ಚುವ ಮುಂಚೆ ಅವಳ ಹೆಸರು ಕೆತ್ತಿಸಬೇಕು, ಅಷ್ಟೇ.

“ಇಲ್ಲಿದ್ದೀಯ ನೋಡು. ಒಡೀಲ್ ಮಾರೀ ಫೆರಾನ್, ಯುದ್ಧಕ್ಕೆ ಹಿಂದಿನ ವರ್ಷ. ಅವಳಿ ಅಂತ ಎಲ್ಲೂ ಬರೆದಿಲ್ಲವಲ್ಲ.”

“ಅಂಚಲ್ಲಿ ಏನೋ ಇದೆ, ಮೇಷ್ಟ್ರೇ.”

“ಅಂಚಲ್ಲಿ ಮದುವೆ ಬರೀತಾರೆ. ಇದನ್ನ ಯಾರೋ ಬ್ಲೇಡಲ್ಲಿ ಕೆರೆದಿದ್ದಾರೆ.”

“ಹಾಗಾದ್ರೆ ನನ್ನದೇ. ವಿಚ್ಛೇದನ ಆಯ್ತಲ್ಲ, ಪಾದ್ರಿಗೆ ಸಿಟ್ಟು ಬಂದಿರುತ್ತೆ.”

ಇಬ್ಬರೂ ನಕ್ಕರು. ಮೇಷ್ಟ್ರು ಭೂತಗನ್ನಡಿ ಹಿಡಿದು ಬಾಗಿದರು.

ಸುಮ್ಮನಿರಲಾಗದೆ ಒಡೀಲ್ ಮಾತಿಗಿಳಿದಳು. ಜರ್ಮನ್ ಸೈನಿಕರು ಊರಲ್ಲಿ ಯಹೂದಿಗಳನ್ನು ಹುಡುಕುತ್ತಿದ್ದಾಗ ಬೇರೆ ಮಕ್ಕಳು ಮಲಗುವ ಮುಂಚೆ ಪ್ರಾರ್ಥನೆ ಹೇಳುತ್ತಿದ್ದವು. ಅವಳು ತನ್ನ ಹೆಸರು, ಹುಟ್ಟಿದ ದಿನ ಒಪ್ಪಿಸಬೇಕಿತ್ತು. ತಡವರಿಸಿದರೆ ಅಮ್ಮ ಅಳುತ್ತಿದ್ದಳು. ಅದಕ್ಕೂ ಹಿಂದಿನ ನೆನಪು ಒಂದೇ: ಕತ್ತಲ ರೈಲು, ತನ್ನ ಕೈ ಬಿಟ್ಟ ಯಾರದೋ ಕೈ. ಅದು ಕನಸು, ನೀನು ರೈಲು ಹತ್ತೇ ಇಲ್ಲ ಎನ್ನುತ್ತಿದ್ದಳು ಅಮ್ಮ.

“ನಿನ್ನ ಮದುವೆ ಯಾವಾಗ ಆಗಿದ್ದು?” ಮೇಷ್ಟ್ರು ತಲೆಯೆತ್ತದೆ ಕೇಳಿದರು.

“ಅರವತ್ತೊಂದರಲ್ಲಿ.”

“ಇದು ಹಳೇ ಪಾದ್ರಿ ಕೈಬರಹ. ಅವರು ಯುದ್ಧ ಮುಗಿಯೋಕೆ ಮುಂಚೇನೇ ಹೋಗಿಬಿಟ್ರು.”

ಒಡೀಲಳಿಗೆ ಯಾಕೋ ಭಯವಾಯಿತು. “ತಂಗಿ ಹೆಸರು ಸಿಕ್ತಾ?”

“ಸಿಕ್ತು.” ಮೇಷ್ಟ್ರು ಭೂತಗನ್ನಡಿ ಕೆಳಗಿಟ್ಟು ಅವಳ ಕೈ ಹಿಡಿದುಕೊಂಡರು. “ಆದ್ರೆ ಅವಳು ನಿನ್ನ ತಂಗಿಯಲ್ಲ, ಕಣಮ್ಮ.”

ಓರೆ ಬೆಳಕಿನಲ್ಲಿ ನಿಬ್ಬಿನ ಗೀರುಗಳು ಎದ್ದು ಕಾಣುತ್ತಿದ್ದವು: ‘ಒಡೀಲ್ ಮಾರೀ, ಏಳು ತಿಂಗಳಿಗೆ ತೀರಿಕೊಂಡಳು. ಉತ್ತರ ಗೋಡೆಯ ಬಳಿ ಮಣ್ಣು ಮಾಡಿದೆ.’

“ಹಾಗಾದ್ರೆ ರೈಲಲ್ಲಿ ಬಂದ ಮಗು ಹೆಸರೇನು, ಮೇಷ್ಟ್ರೇ?”